ಸ್ಕ್ರೂ ಹಾಕಿದ ಪೆಟ್ಟಿಗೆ

ಪೆಟ್ಟಿಗೆ ಮತ್ತೆ ಬೇಕಾದರೆ ಸ್ಕ್ರೂ, ಒಂದು ಸಲ ತಲುಪಿದರೆ ಸಾಕು ಎಂದರೆ ಮೊಳೆ. ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ಗಂಡನ ಬಡಗಿ ವಿದ್ಯೆಯಿಂದ ಅವಳ ತಲೆಗೆ ಹತ್ತಿದ್ದು ಇದೊಂದೇ ಪಾಠ. ಇವತ್ತು ಆ ಪಾಠವೇ ಎದೆಗೆ ಚುಚ್ಚಿತು.

ಮುಂದಿನ ಕೋಣೆಯಲ್ಲಿ ಎರಡು ಪೆಟ್ಟಿಗೆಗಳಿದ್ದವು. ಒಂದರಲ್ಲಿ ಅವಳ ಹೊಲಿಗೆ ಮಷೀನು. ಅದಕ್ಕೆ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಇನ್ನೊಂದರಲ್ಲಿ ಅವನ ಉಳಿ, ಗರಗಸ, ಬೈರಿಗೆ. ಅದಕ್ಕೆ ಸುತ್ತಲೂ ಒತ್ತೊತ್ತಾಗಿ ಮೊಳೆ.

ಅಂದರೆ ಅವನ ಸಾಮಾನು ಹೋದರೆ ಹೋಯಿತು. ಅವಳದ್ದು ಮಾತ್ರ ಇದೇ ಪೆಟ್ಟಿಗೆಯಲ್ಲಿ ವಾಪಸ್ ಬರುತ್ತದೆ. ಮಷೀನು ವಾಪಸ್ ಬಂದರೆ ಅದರ ಹಿಂದೆ ಟೈಲರ್ ಬರದೇ ಇರುತ್ತಾಳೆಯೇ?

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಅವನು ಹುಟ್ಟಿದ ದೇಶಕ್ಕೆ ಹೋಗೋಣ ಎಂದದ್ದು ಅವನಲ್ಲ, ಅವಳೇ. ಮೊಣಕಾಲು ನೋವೆಂದು ಅವನು ಮರಗೆಲಸದ ಅಂಗಡಿ ಮುಚ್ಚಿದ ದಿನ, ಊಟಕ್ಕೆ ಕೂತಾಗ, "ಇಷ್ಟು ವರ್ಷ ನೀವು ನಮ್ಮೂರಲ್ಲಿ ಇದ್ರಿ. ಇನ್ನು ನಾನು ನಿಮ್ಮೂರಲ್ಲಿ ಇರ್ತೀನಿ ಬಿಡಿ" ಎಂದಿದ್ದಳು. ಅವನು "ಹೂಂ" ಎಂದಿದ್ದ. ಆ ಹೂಂ ಸಂತೋಷದ್ದೋ ಸಂಕಟದ್ದೋ ಎಂದು ಆರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದಳು. ಅಷ್ಟರಲ್ಲಿ ಅವನ ಅಕ್ಕ ಅಲ್ಲಿ ತನ್ನ ಮನೆಯ ಮೇಲಿನ ಎರಡು ಕೋಣೆಗೆ ಬಣ್ಣ ಹೊಡೆಸಿದಳು, ಟಿಕೆಟ್ ಬಂತು, ನಾಳೆ ಬೆಳಿಗ್ಗೆ ಸಾಮಾನು ಒಯ್ಯಲು ಲಾರಿಯೂ ಬರುವುದಿತ್ತು.

ತಂಗಿಗೆ ಫೋನ್ ಮಾಡಿದಳು.

"ನಿಮ್ಮ ಭಾವ ನನ್ನನ್ನ ಅಲ್ಲಿ ಬಿಟ್ಕೊಳ್ಳಲ್ಲ ಕಣೇ. ನಾಲ್ಕು ದಿನ ಊರು ತೋರಿಸಿ ವಾಪಸ್ ಅಟ್ತಾರೆ."

"ಭಾವ ಹಾಗಂದ್ರಾ?"

"ಬಾಯಲ್ಲಿ ಹೇಳಿಲ್ಲ. ಸ್ಕ್ರೂ ಹಾಕಿದ್ದಾರೆ."

"ಅಕ್ಕಾ, ಮೊದಲು ಸ್ವಲ್ಪ ನೀರು ಕುಡಿ. ಆಮೇಲೆ ಹೋಗಿ ಅವರನ್ನೇ ಕೇಳು" ಎಂದು ತಂಗಿ ಫೋನಿಟ್ಟಳು.

ಕೇಳುವುದು ಹೇಗೆ? ಅವನು ಕಿಟಕಿ ಹತ್ತಿರ ನಿಂತು, ಬಾಗಿಲಿಗೆ ನೇತುಹಾಕಿದ್ದ ತನ್ನ ಹೊಸ ಕೋಟನ್ನು ನೋಡುತ್ತಿದ್ದ. ಅಲ್ಲಿನ ಚಳಿಗೆಂದು ಅವಳೇ ಹೊಲಿದದ್ದು. ಒಳಗೆ ದಪ್ಪ ಲೈನಿಂಗ್, ಆರು ಗುಂಡಿ, ಪೆನ್ಸಿಲ್ ಇಡಲು ಅವನಿಗೆ ಬೇಕೇ ಬೇಕಾದ ಉದ್ದ ಜೇಬು. ಹೊಸ ಕೋಟು ಕಂಡು ಸಂತೋಷಪಡುವವನ ಮುಖ ಅದಾಗಿರಲಿಲ್ಲ.

ಹಾಳಾದವನು, ಈ ವಯಸ್ಸಿನಲ್ಲೂ ಕಿಟಕಿಯ ಬೆಳಕಿಗೆ ಚೆನ್ನಾಗಿ ಕಾಣುತ್ತಾನೆ ಎಂದುಕೊಂಡಳು. ಸಿಟ್ಟು ಇನ್ನೂ ಏರಿತು.

ಮೊದಲ ದಿನವೂ ಹೀಗೇ ನಿಂತಿದ್ದ. ಆರು ತಿಂಗಳ ಕೆಲಸಕ್ಕೆಂದು ಸಮುದ್ರ ದಾಟಿ ಬಂದಿದ್ದ ಬಡಗಿ, ಅವಳ ಅಂಗಡಿಯ ಕಟಿಂಗ್ ಟೇಬಲ್‌ನ ಕುಂಟುಕಾಲು ಸರಿಮಾಡಲು ಬಂದಿದ್ದ. ಅವಳು ಕನ್ನಡಿ ಮುಂದೆ ತನ್ನದೇ ಬೆನ್ನಿನ ಅಳತೆ ತೆಗೆಯಲು ಟೇಪು ಹಿಡಿದು ಒದ್ದಾಡುತ್ತಿದ್ದಳು. ಊರಿಗೆಲ್ಲ ಹೊಲಿಯುವ ಟೈಲರ್ ತನ್ನ ಬೆನ್ನನ್ನು ತಾನು ಅಳೆಯಲಾರಳು. ಅವನು ಅರೆಬರೆ ಮಾತಿನಲ್ಲಿ "ಟೈಲರಮ್ಮಾ, ನಾನು ಹಿಡೀಲಾ?" ಎಂದ. ಭುಜದಿಂದ ಭುಜಕ್ಕೆ ಟೇಪು ಇಟ್ಟ. ಮರ ಅಳೆದು ಅಭ್ಯಾಸವಾದ ಕೈ, ಒಂದು ಬೆರಳು ಜಾಸ್ತಿ ಸೇರಿಸಿತು. ರವಿಕೆ ದೊಗಲೆಯಾಯಿತು, ಮದುವೆ ಗಟ್ಟಿಯಾಯಿತು. ಅವತ್ತಿನಿಂದ ಅವಳ ಬೆನ್ನಿನ ಅಳತೆ ಬೇರೆ ಯಾರ ಕೈಗೂ ಹೋಗಿರಲಿಲ್ಲ.

"ರೀ," ಎಂದಳು. "ಮಷೀನಿಗೆ ಯಾಕೆ ಸ್ಕ್ರೂ ಹಾಕಿದ್ರಿ?"

ಅವನು ತಿರುಗಲಿಲ್ಲ. "ಬಿಚ್ಚೋಕೆ ಸುಲಭ ಆಗ್ಲಿ ಅಂತ."

"ಎಲ್ಲಿ ಬಿಚ್ಚೋಕೆ?"

"ಇಲ್ಲೇ. ನಾಳೆ ಬೆಳಿಗ್ಗೆ ಲಾರಿ ಬಂದಾಗ, ನೀನು ಬರಲ್ಲ ಅಂತ ಹೇಳಿದ್ರೆ ಹತ್ತು ನಿಮಿಷದಲ್ಲಿ ಮಷೀನು ಎತ್ತಿಟ್ಟು ಹೋಗಬಹುದು."

ಮೂರು ಬೀದಿಗೆ ಕೇಳುವಂತೆ ಜಗಳವಾಡಬಲ್ಲ ಹೆಂಗಸು ಪಿಸುಮಾತಿನಲ್ಲಿ ಕೇಳಿದಳು.

"ನಾನು ಬರಲ್ಲ ಅಂತ ಯಾರ್ರೀ ಹೇಳಿದ್ದು?"

"ನೀನೇ." ಅವನು ಕೋಟಿನ ತೋಳನ್ನು ಎತ್ತಿ ತೋರಿಸಿದ. "ಇದು ಹದಿನೈದು ದಿನದಿಂದ ಒಂಟಿಯಾಗಿ ನೇತಾಡ್ತಿದೆ. ದಿನಾ ನೋಡ್ತೀನಿ, ಪಕ್ಕದಲ್ಲಿ ನಿನ್ನದು ಬರುತ್ತೆ ಅಂತ. ಬರಲೇ ಇಲ್ಲ. ನಿನ್ನೆ ನೀನೇ ಮಷೀನಿಗೆ ಎಣ್ಣೆ ಹಾಕಿ, ಪ್ಯಾಕ್ ಮಾಡಿ ಅಂದೆ. ಅಲ್ಲಿಗೆ ನಿನ್ನ ಕೋಟಿನ ಕಥೆ ಮುಗೀತಲ್ಲ? ಚಳಿ ದೇಶಕ್ಕೆ ಹೊರಟೋಳು ಕೋಟು ಹೊಲ್ಕೊಳ್ಳದೆ ಇರ್ತಾಳಾ? ಪಾಪ, ಇವನನ್ನ ಇವನ ಅಕ್ಕನ ಹತ್ತಿರ ಕಳಿಸಿ ಬಿಡೋಣ ಅಂತಿದ್ದೀಯ ಅಂದ್ಕೊಂಡೆ."

"ಅಯ್ಯೋ ನಿಮ್ಮ ಬುದ್ಧಿಗಿಷ್ಟು!"

ಅವಳು ತನ್ನ ಬ್ಯಾಗಿಗೆ ಕೈ ಹಾಕಿ, ಮಡಿಸಿಟ್ಟ ಬಟ್ಟೆಯನ್ನು ಅವನ ಎದೆಗೆ ಒತ್ತಿದಳು. ಅವನ ಕೋಟಿನದೇ ಬಣ್ಣ, ಅದೇ ಥಾನಿನದು. ಕತ್ತರಿ ತಾಗಿರಲಿಲ್ಲ.

"ಇಬ್ಬರಿಗೂ ಒಟ್ಟಿಗೇ ತಂದಿದ್ದು. ನನ್ನ ಬೆನ್ನು ನಾನೇ ಅಳ್ಕೊಳ್ಳೋಕಾಗುತ್ತಾ? ಯಾವಾಗಲೂ ಬಟ್ಟೆ ಕಂಡ ತಕ್ಷಣ ಟೇಪು ಹಿಡ್ಕೊಂಡು ಬರೋರು ಈ ಸಲ ಬರಲೇ ಇಲ್ಲ. ಇವರಿಗೆ ನಾನು ಬರೋದು ಬೇಡ ಅಂತ ನಾನು, ಇವಳು ಬರಲ್ಲ ಅಂತ ನೀವು!"

ಅವನು ಬಟ್ಟೆಯನ್ನು ಬಿಡಿಸಿ ನೋಡಿದ. ಮತ್ತೆ ಮಡಿಸಿದ. ಸುಮ್ಮನೆ ಇನ್ನೊಂದು ಸಲ ಬಿಡಿಸಿದ.

"ಸರಿ, ಆ ಮೊಳೆ?" ಎಂದಳು, ಪಟ್ಟು ಬಿಡದೆ. "ನಿಮ್ಮ ಪೆಟ್ಟಿಗೆ ಮಾತ್ರ ಹೋದ ಕಡೆಯೇ ಇರುತ್ತಲ್ಲ?"

"ಅದು ಹೋಗೋದೇ ಇಲ್ಲ. ನಿನ್ನ ತಂಗಿ ಮನೆ ಅಟ್ಟದಲ್ಲಿಡೋಕೆ. ಸ್ಕ್ರೂ ಹಾಕಿದ್ರೆ ಅವಳ ಗಂಡ ಕೇಳದೇ ಗರಗಸ ತಗೊಂಡು ಹೋಗ್ತಾನೆ."

"ಉಳಿ ಇಲ್ಲದೆ ಅಲ್ಲಿ ಹೋಗಿ ಏನ್ ಮಾಡ್ತೀರಿ? ಎರಡು ದಿನ ಕೈ ಕಟ್ಟಿ ಕೂತೋರಲ್ಲ ನೀವು."

"ಅದಕ್ಕೇ. ಮೂರನೇ ದಿನ ಉಳಿ ಬೇಕು ಅಂತ ನೆಪ ಹೇಳಿ ವಾಪಸ್ ಬರಬಹುದಲ್ಲ." ಅವನು ತಲೆ ತಗ್ಗಿಸಿದ. "ನನ್ನ ಊರು ಅಂತೀಯ. ನಾನು ಬಿಟ್ಟು ಬಂದಾಗ ಇದ್ದ ಬೀದಿಯೇ ಈಗ ಇಲ್ಲವಂತೆ. ನೀನಿಲ್ಲದೆ ಅಲ್ಲಿ ನಾನು ಯಾರು ಟೈಲರಮ್ಮಾ? ನನಗೂ ಭಯ ಆಗುತ್ತೆ."

ಅವಳಿಗೆ ನಗು ಮತ್ತು ಅಳು ಒಟ್ಟಿಗೇ ಬಂದವು. ಯಾವುದನ್ನು ಮೊದಲು ಬಿಡುವುದೆಂದು ತಿಳಿಯದೆ ಎರಡನ್ನೂ ಬಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು ಟೇಪನ್ನು ಅವನ ಕೈಗೆ ತುರುಕಿ, ಬೆನ್ನು ತಿರುಗಿಸಿ ನಿಂತಳು.

"ಮೊಳೆ ಕೀಳ್ರಿ. ಉಳಿಯೂ ಬರುತ್ತೆ. ನಾನೇ ಅಲ್ಲಿರುವಾಗ ನಿಮಗೆ ವಾಪಸ್ ಬರೋ ನೆಪ ಯಾಕೆ? ಮೊದಲು ಅಳತೆ ತಗೊಳ್ಳಿ."

ಭುಜದಿಂದ ಭುಜಕ್ಕೆ ಆ ಒರಟು ಬೆರಳುಗಳು ನಿಧಾನವಾಗಿ ಸರಿದವು. ಅಗತ್ಯಕ್ಕಿಂತ ಬಹಳ ನಿಧಾನವಾಗಿಯೇ.

"ಒಂದು ಬೆರಳು ಸೇರಿಸ್ಲಾ?"

"ಸೇರಿಸಿ. ಒಳಗೆ ಸ್ವೆಟರ್ ಹಾಕ್ಬೇಕು."

"ಕಿವಿ ಕೆಂಪಾಗಿದೆ ನಿಂದು."

"ಬಾಯಿ ಮುಚ್ಕೊಂಡು ಮಷೀನು ಬಿಚ್ಚಿ. ಸಂಜೆಯೊಳಗೆ ಹೊಲಿದು ಮುಗಿಸ್ಬೇಕು."

ಅವನು ಪೆಟ್ಟಿಗೆ ಮುಂದೆ ಕೂತ. ಜೇಬು ತಡವಿದ. ಪೆದ್ದುಪೆದ್ದಾಗಿ ಮುಖ ಎತ್ತಿದ.

"ಸ್ಕ್ರೂಡ್ರೈವರ್ ಮೊಳೆ ಹೊಡೆದ ಪೆಟ್ಟಿಗೆಯಲ್ಲಿದೆ."

"ಮೊಳೆ ಕೀಳೋ ಇಕ್ಕಳ?"

"ಅದೂ ಅಲ್ಲೇ. ಹೊರಗಿರೋದು ಸುತ್ತಿಗೆ ಒಂದೇ."

ಅವಳು ಹಣೆ ಚಚ್ಚಿಕೊಂಡಳು. ಮಷೀನಿನ ಪುಟ್ಟ ಸ್ಕ್ರೂಡ್ರೈವರ್ ಮಷೀನಿನ ಜೊತೆಗೇ ಒಳಗಿತ್ತು. ಹೊರಗೆ, ಅವಳ ಬ್ಯಾಗಿನಲ್ಲಿ, ಸ್ಕ್ರೂ ತಿರುಗಿಸಲು ಆಗುವಂಥದ್ದು ಉಳಿದದ್ದು ಬಟ್ಟೆ ಕತ್ತರಿ ಒಂದೇ. ಅವಳ ಅಮ್ಮನದು. ಮೂವತ್ತನಾಲ್ಕು ವರ್ಷದಲ್ಲಿ ಅದರಿಂದ ಒಂದು ಕಾಗದ, ಒಂದು ದಾರದ ಗಂಟು ಕತ್ತರಿಸಲೂ ಅವಳು ಅವನಿಗೆ ಕೊಟ್ಟವಳಲ್ಲ. ಒಮ್ಮೆ ಹಾಲಿನ ಪ್ಯಾಕೆಟ್ ಕತ್ತರಿಸಲು ಹೋಗಿ ಎರಡು ದಿನ ಅವಳ ಬಾಯಿಂದ ಒಂದು ಮಾತೂ ಸಿಗದೆ ಪರದಾಡಿದ್ದ.

ಅವನ ಕಣ್ಣು ಬ್ಯಾಗಿನ ಕಡೆ ಹೋಯಿತು. ತಕ್ಷಣ ಬೇರೆ ಕಡೆ ತಿರುಗಿತು. "ಎದುರುಮನೆಯಲ್ಲಿ ಕೇಳ್ಕೊಂಡು ಬರ್ತೀನಿ" ಎಂದು ಮೊಣಕಾಲು ಹಿಡಿದುಕೊಂಡು ಏಳಲು ಹೋದ.

ಅವಳು ಅವನ ಭುಜ ಒತ್ತಿ ಕೂರಿಸಿದಳು. ಕತ್ತರಿ ತೆಗೆದು, ಹಿಡಿಯನ್ನು ಅವನ ಕಡೆ ಮಾಡಿ, ಕೈ ಚಾಚಿದಳು.

"ತಗೊಳ್ಳಿ," ಎಂದಳು. "ತುದಿ ಹೋದ್ರೆ ಹೋಗ್ಲಿ."