ಸರಿನಾ, ಅತ್ತೆ?

“ಎಂಟು ಮಾತ್ರೆ. ಸರಿನಾ, ಅತ್ತೆ?”

ಒಳಕೋಣೆಯಿಂದ ಅಮ್ಮನ ದನಿ ಕೇಳಿತು. ಕೌಂಟರಿನ ಮೂಲೆಯಲ್ಲಿ ಹೋಮ್‌ವರ್ಕ್ ಬರೆಯುತ್ತಿದ್ದ ಕಡ್ಡಿಯ ಕೈ ಹಾಗೇ ನಿಂತಿತು.

ಅಮ್ಮ ‘ಅತ್ತೆ’ ಅನ್ನುತ್ತಿದ್ದುದು ಅಜ್ಜಿಯನ್ನು, ಅಂದರೆ ಅಪ್ಪನ ಅಮ್ಮನನ್ನು. ಆದರೆ ಅಜ್ಜಿ ತೀರಿಹೋಗಿ ಆಗಲೇ ಎರಡು ತಿಂಗಳಾಗಿತ್ತು.

ಒಳಗೆ ಯಾರೂ ಉತ್ತರ ಕೊಡಲಿಲ್ಲ. ಕಡ್ಡಿ ಉಸಿರು ಬಿಗಿಹಿಡಿದು ಕಾದಳು. ಸ್ವಲ್ಪ ಹೊತ್ತಾದ ಮೇಲೆ ‘ಕಿರ್ರ್’ ಎಂದು ಒಂದು ಸದ್ದು ಬಂತು. ಅದು ಅಜ್ಜಿಯ ತಿರುಗುವ ಸ್ಟೂಲಿನ ಸದ್ದು. ಕೂತವರು ಮೈ ಅಲ್ಲಾಡಿಸಿದಾಗಲೆಲ್ಲ ಅದು ಹಾಗೆ ಕಿರುಗುಟ್ಟುತ್ತಿತ್ತು.

“ಹ್ಞೂಂ, ಸರಿ ಹಾಗಾದ್ರೆ,” ಅಂದಳು ಅಮ್ಮ. ಪಿಂಗಾಣಿ ಒರಳಿನಲ್ಲಿ ಮಾತ್ರೆ ಅರೆಯುವ ಸದ್ದು ಶುರುವಾಯಿತು.

ಕಡ್ಡಿಯ ಮೈ ಜುಂ ಅಂದಿತು.

ಕಡ್ಡಿ ಅನ್ನುವುದು ಶಾಲೆಯ ಹಾಜರಿಯಲ್ಲಿರುವ ಹೆಸರಲ್ಲ. ಅಜ್ಜಿ ಇಟ್ಟದ್ದು. ಸಣಕಲು ಮೈ ಅದಕ್ಕೆ ಒಂದು ಕಾರಣ. ಏನಿದ್ದರೂ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಾಳೆ ಅನ್ನುವುದು ಇನ್ನೊಂದು. ಆದರೆ ಅವತ್ತು ಅವಳ ಬಾಯಿಂದ ಮಾತೇ ಹೊರಡಲಿಲ್ಲ.

ಅವರದು ಔಷಧಿ ಅಂಗಡಿ. ಮುಂದೆ ಕೌಂಟರು, ಹಿಂದೆ ಮಬ್ಬು ಗಾಜಿನ ಬಾಗಿಲಿರುವ ಒಂದು ಪುಟ್ಟ ಕೋಣೆ. ಕೆಲವು ಔಷಧಿಗಳು ದೊಡ್ಡವರಿಗೆಂದು ಮಾತ್ರೆಯಾಗಿ ಮಾತ್ರ ಬರುತ್ತವೆ. ಪುಟ್ಟ ಮಕ್ಕಳು ಅದನ್ನು ನುಂಗುವುದು ಹೇಗೆ? ಡಾಕ್ಟರ್ ಬರೆದುಕೊಟ್ಟ ಪ್ರಕಾರ ಆ ಮಾತ್ರೆಗಳನ್ನು ಅರೆದು, ಸಿರಪ್ಪಿನಲ್ಲಿ ಬೆರೆಸಿ ಬಾಟಲಿಗೆ ತುಂಬಿಸುವುದು ಅಮ್ಮ ಮತ್ತು ಅಜ್ಜಿಯ ಕೆಲಸವಾಗಿತ್ತು. ಒಂದು ಮಿಲಿ ಸಿರಪ್ಪಿನಲ್ಲಿ ಎಷ್ಟು ಔಷಧಿ ಇರಬೇಕು ಅನ್ನುವ ಲೆಕ್ಕ ಮೊದಲು. ಬೆರೆಸುವುದು ಆಮೇಲೆ.

ಆ ಲೆಕ್ಕವನ್ನು ಇಬ್ಬರೂ ಬೇರೆ ಬೇರೆಯಾಗಿ ಮಾಡಬೇಕು ಅನ್ನುವುದು ಅಜ್ಜಿಯ ಕಟ್ಟಪ್ಪಣೆ. ಅಮ್ಮ ಲೆಕ್ಕ ಮಾಡುವಾಗ ಅಜ್ಜಿ ಸ್ಟೂಲು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದಳು.

“ನನಗೆ ಪ್ರಶ್ನೆ ಹೇಳು, ಉತ್ತರ ಹೇಳ್ಬೇಡ,” ಅನ್ನುತ್ತಿದ್ದಳು. “ಉತ್ತರ ಕೇಳಿಸಿಕೊಂಡ್ರೆ ನನ್ನ ತಲೇನೂ ಅದರ ಹಿಂದೇನೇ ಹೋಗುತ್ತೆ.”

ಇಬ್ಬರ ಉತ್ತರವೂ ಒಂದೇ ಆದರೆ ಮಾತ್ರ ಒರಳಿಗೆ ಕೈ ಹಾಕುವುದು. ಇಲ್ಲವಾದರೆ ಇಬ್ಬರೂ ಮೊದಲಿನಿಂದ ಲೆಕ್ಕ ಮಾಡಬೇಕು. ಕೌಂಟರಿನ ಮುಂದೆ ಎಷ್ಟೇ ಜನ ನಿಂತು ಗೊಣಗಲಿ, ಅಜ್ಜಿ ಜಗ್ಗುತ್ತಿರಲಿಲ್ಲ.

ಅಮ್ಮ ಹೊರಗೆ ಬಂದಾಗ ಕಡ್ಡಿ ಕೇಳಿದಳು. “ಒಳಗೆ ಯಾರಿದ್ರಮ್ಮ?”

“ಯಾರಿರ್ತಾರೆ? ಹೋಮ್‌ವರ್ಕ್ ಮುಗೀತಾ?” ಅಮ್ಮ ಅವಳ ಮುಖ ನೋಡದೆ ಬಿಲ್ಲು ಹರಿಯತೊಡಗಿದಳು.

ಅಪ್ಪನಿಗೆ ಹೇಳೋಣವೆಂದರೆ, ಅಜ್ಜಿಯ ಸುದ್ದಿ ತೆಗೆದರೆ ಸಾಕು, ಅವನು ಎದ್ದು ಬೇರೆ ಕೋಣೆಗೆ ಹೋಗಿಬಿಡುತ್ತಿದ್ದ.

ಮರುದಿನವೂ ಅದೇ ಆಯಿತು. ಅದರ ಮರುದಿನವೂ. “ಸರಿನಾ, ಅತ್ತೆ?” ಅಮ್ಮ ಕಾಯುತ್ತಾಳೆ. ಕಿರ್ರ್. “ಸರಿ.” ಕಡ್ಡಿಗೆ ಆ ಮಬ್ಬು ಗಾಜಿನ ಕಡೆ ನೋಡಲೂ ಭಯ, ನೋಡದೆ ಇರಲೂ ಭಯ.

ಕೊನೆಗೆ ಒಂದು ಸಂಜೆ ಅಮ್ಮ ಗಿರಾಕಿಗಳ ಜೊತೆ ಇದ್ದಾಗ ಕಡ್ಡಿ ಧೈರ್ಯ ಮಾಡಿ ಒಳಗೆ ನುಸುಳಿದಳು.

ಕೋಣೆ ತಣ್ಣಗಿತ್ತು. ಸ್ಪಿರಿಟ್ಟಿನ ವಾಸನೆ. ಕಪಾಟಿನಲ್ಲಿ ಸಾಲಾಗಿ ಕಂದು ಬಾಟಲಿಗಳು. ಔಷಧಿ ಇಡುವ ಹಳೇ ಫ್ರಿಜ್ಜಿಗೆ ತಾಗಿಕೊಂಡು ಅಜ್ಜಿಯ ಸ್ಟೂಲಿತ್ತು. ಬೆಳಿಗ್ಗೆ ಕಸ ಗುಡಿಸುವಾಗ ಅದರ ಪುಟ್ಟ ಒರಗು ಬಾಗಿಲ ಕಡೆ ಇದ್ದದ್ದು ಕಡ್ಡಿಗೆ ಚೆನ್ನಾಗಿ ನೆನಪಿತ್ತು. ಈಗ ಅದು ಮೇಜಿನ ಕಡೆ ತಿರುಗಿತ್ತು. ಅಮ್ಮ ನಿಂತೇ ಕೆಲಸ ಮಾಡುವವಳು. ಹಾಗಾದರೆ ಇದರಲ್ಲಿ ಕೂತವರು ಯಾರು?

ಅವಳು ಬೆರಳು ಚಾಚಿದಳು. ಮುಟ್ಟುವ ಮೊದಲೇ ಸ್ಟೂಲು ತಾನಾಗಿ ‘ಕಿರ್ರ್’ ಅಂದಿತು.

ಕಡ್ಡಿಗೆ ಓಡಬೇಕೆನ್ನಿಸಿತು. ಕಾಲು ಮಾತ್ರ ಅಲ್ಲೇ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಚಪ್ಪಲಿಯ ಕೆಳಗೆ ನೆಲ ಸಣ್ಣಗೆ ಅದುರಿ ಸುಮ್ಮನಾದದ್ದು ಅವಳಿಗೆ ಗೊತ್ತಾಯಿತು. ಅಷ್ಟು ಹೊತ್ತು ಗುಂಯ್ ಅನ್ನುತ್ತಿದ್ದ ಫ್ರಿಜ್ಜು ಈಗ ನಿಂತಿತ್ತು.

ಅವಳು ಕಾದಳು. ಫ್ರಿಜ್ಜು ಮತ್ತೆ ಗುಂಯ್ ಅಂದಿತು. ಬಹಳ ಹೊತ್ತಾದ ಮೇಲೆ ಗಡಗಡ ನಡುಗಿ ನಿಂತಿತು. ಆ ನಡುಕ ಸ್ಟೂಲಿಗೆ ತಾಗಿತು. ಸ್ಟೂಲು ಕಿರ್ರ್ ಎಂದು ಒಂದು ಬೆರಳಷ್ಟು ತಿರುಗಿತು.

ಕಡ್ಡಿಗೆ ನಗು ಬಂತು. ಇಷ್ಟೇನಾ! ಇಷ್ಟಕ್ಕೆ ಮೂರು ದಿನ ಹೊದಿಕೆ ಮುಸುಕು ಹಾಕಿಕೊಂಡು ಮಲಗಿದ್ದೆನಲ್ಲ ಅಂದುಕೊಂಡಳು.

ಆದರೆ ನಗು ಅರ್ಧಕ್ಕೇ ನಿಂತಿತು. ಅಮ್ಮನಿಗೆ ಇಷ್ಟು ದಿನ ‘ಸರಿ’ ಅನ್ನುತ್ತಿದ್ದುದು ಫ್ರಿಜ್ಜು. ಕಾಯುತ್ತ ನಿಂತರೆ ಅದು ಯಾವಾಗಲಾದರೂ ಸ್ಟೂಲನ್ನು ಕಿರ್ರ್ ಅನ್ನಿಸಿಯೇ ತೀರುತ್ತದೆ. ಅದಕ್ಕೆ ‘ತಪ್ಪು’ ಅನ್ನಲು ಬರುವುದಿಲ್ಲ.

ಈ ಭಯ ಬೇರೆ ಥರ ಇತ್ತು. ಮುಸುಕು ಹಾಕಿಕೊಂಡರೆ ಹೋಗುವ ಭಯ ಇದಲ್ಲ.

ಅಮ್ಮನಿಗೆ ಹೇಳಬೇಕೆಂದು ಅವಳು ರಾತ್ರಿ ಊಟಕ್ಕೆ ಕೂತಾಗ ಬಾಯಿ ತೆರೆದಳು. ಅಮ್ಮ ತಟ್ಟೆ ನೋಡುತ್ತ ಏನೋ ನೆನೆಸಿಕೊಂಡು ಸಣ್ಣಗೆ ನಗುತ್ತಿದ್ದಳು. ಅಲ್ಲಿ ಅಜ್ಜಿ ಇಲ್ಲ ಅಂತ ಈ ಅಮ್ಮನಿಗೆ ಹೇಗೆ ಹೇಳುವುದು? ಕಡ್ಡಿ ತುತ್ತನ್ನೂ ಮಾತನ್ನೂ ಒಟ್ಟಿಗೆ ನುಂಗಿದಳು.

ಮಾರನೆಯ ದಿನ ಶಾಲೆಗೆ ರಜೆ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಫೋನು ಬೇರೆ ಬಿಡದೆ ಹೊಡೆದುಕೊಳ್ಳುತ್ತಿತ್ತು. ಅಮ್ಮನ ಊಟದ ಡಬ್ಬಿ ತೆರೆಯದೆ ಹಾಗೇ ಇತ್ತು. ಅಂಗಿ ತುಂಬ ಬಣ್ಣದ ಕಲೆಗಳಿದ್ದ ಒಬ್ಬ ಪೇಂಟರ್ ಹೆಗಲ ಮೇಲೆ ಮಗು ಹಾಕಿಕೊಂಡು ಬಂದು ಡಾಕ್ಟರ ಚೀಟಿ ಕೊಟ್ಟ.

“ಮಗೂಗೆ ಹೃದಯದ್ದು ತೊಂದರೆ, ಮೇಡಂ. ಇವತ್ತಿಂದಾನೇ ಕುಡಿಸಬೇಕಂತೆ.”

ಮಗು ಬಹಳ ಪುಟ್ಟದು. ಕಾಲುಚೀಲದೊಳಗಿನ ಅದರ ಪಾದ ಕಡ್ಡಿಯ ರಬ್ಬರಿಗಿಂತ ಸ್ವಲ್ಪ ದೊಡ್ಡದಿದ್ದೀತು. ಅದು ಬಿಕ್ಕಳಿಸುತ್ತ ಕಡ್ಡಿಯನ್ನೇ ನೋಡುತ್ತಿತ್ತು.

“ಹತ್ತು ನಿಮಿಷ ಕೂತ್ಕೊಳ್ಳಿ, ಮಾಡಿಕೊಡ್ತೀನಿ,” ಎಂದು ಅಮ್ಮ ಒಳಗೆ ಹೋದಳು. ಕಡ್ಡಿ ಮೆಲ್ಲಗೆ ಎದ್ದು ಗಾಜಿನ ಬಾಗಿಲ ಪಕ್ಕ ನಿಂತಳು.

“ಒಂದು ಮಿಲಿಗೆ ಎರಡು ಮಿಲಿಗ್ರಾಂ,” ಒಳಗೆ ಅಮ್ಮ ಹೇಳುತ್ತಿದ್ದಳು. “ಬಾಟಲಿ ಐವತ್ತು ಮಿಲಿ. ಒಂದು ಮಾತ್ರೇಲಿ ಇಪ್ಪತ್ತೈದು ಮಿಲಿಗ್ರಾಂ. ಎಂಟು ಮಾತ್ರೆ. ಸರಿನಾ, ಅತ್ತೆ?”

ಎಂಟು. ದಿನವೂ ಕೇಳಿದ ಉತ್ತರ ಅದು. ಕಡ್ಡಿಯ ತಲೆಯೂ ಸುಮ್ಮನೆ ಅದರ ಹಿಂದೆ ಹೊರಟಿತು. ಎಂಟೇ ಇರಬೇಕು.

ಆದರೂ ಅವಳು ಪ್ರಶ್ನೆಗೆ ವಾಪಸು ಬಂದಳು. ಐವತ್ತನ್ನು ಎರಡರಿಂದ ಗುಣಿಸಿದರೆ ನೂರು. ನೂರು ಮಿಲಿಗ್ರಾಂ ಬೇಕು. ಒಂದು ಮಾತ್ರೆಗೆ ಇಪ್ಪತ್ತೈದು. ಎರಡಕ್ಕೆ ಐವತ್ತು, ನಾಲ್ಕಕ್ಕೆ ನೂರು. ನಾಲ್ಕು. ಬೆರಳು ಮಡಚಿ ಮತ್ತೊಮ್ಮೆ ಮಾಡಿದಳು. ಮತ್ತೂ ನಾಲ್ಕೇ. ಎಂಟು ಮಾತ್ರೆ ನೂರು ಮಿಲಿಯ ದೊಡ್ಡ ಬಾಟಲಿಯ ಲೆಕ್ಕ. ಅಮ್ಮ ದಿನವೂ ತುಂಬಿಸುವುದು ದೊಡ್ಡ ಬಾಟಲಿ. ಇವತ್ತಿನದು ಚಿಕ್ಕದು.

ಚಿಕ್ಕ ಬಾಟಲಿಗೆ ಎಂಟು ಹಾಕಿದರೆ ಒಂದೊಂದು ಹನಿಯೂ ಎರಡರಷ್ಟು ಸ್ಟ್ರಾಂಗ್. ಬಣ್ಣ ಬೇರೆಯಾಗುವುದಿಲ್ಲ, ವಾಸನೆ ಬೇರೆಯಾಗುವುದಿಲ್ಲ. ಕುಡಿಸುವವರಿಗೆ ಗೊತ್ತೂ ಆಗುವುದಿಲ್ಲ.

ಕಿರ್ರ್.

“ಸರಿ,” ಅಂದಳು ಅಮ್ಮ. ಅರೆಯುವ ಸದ್ದು ಶುರುವಾಯಿತು.

ಕಡ್ಡಿಯ ಗಂಟಲು ಒಣಗಿತ್ತು. ಹಿಂದೆ ಮಗು ಬಿಕ್ಕಳಿಸಿತು. ಅವಳು ಗಾಜಿಗೆ ಹಣೆ ಒತ್ತಿ ಹೇಳಿದಳು. “ನಾಲ್ಕು.”

ಒಣಗಿದ ಗಂಟಲಿನಿಂದ ಹೊರಟ ಆ ದನಿ ಒಡೆದು ಗೊಗ್ಗರಾಗಿತ್ತು. ಅವಳದೇ ಅನ್ನಿಸಲಿಲ್ಲ. ಅಜ್ಜಿಯ ದನಿಯ ಹಾಗಿತ್ತು.

ಅರೆಯುವ ಸದ್ದು ನಿಂತಿತು. ಫ್ರಿಜ್ಜೂ ಸುಮ್ಮನಿತ್ತು. ಅಮ್ಮ ಪಿಸುಗುಟ್ಟಿದಳು.

“ಅತ್ತೆ?”

ಕಡ್ಡಿ ಬಾಗಿಲು ತಳ್ಳಿದಳು. ಅಮ್ಮ ಅವಳಿಗೆ ಬೆನ್ನು ಹಾಕಿ, ಖಾಲಿ ಸ್ಟೂಲನ್ನೇ ನೋಡುತ್ತ ನಿಂತಿದ್ದಳು. ಇಷ್ಟು ದಿನದಲ್ಲಿ ಕಡ್ಡಿ ಇಷ್ಟು ಹೆದರಿದ್ದು ಇದೇ ಮೊದಲು.

“ನಾನಮ್ಮ,” ಅಂದಳು. “ನಾನು ಹೇಳಿದ್ದು. ಅಲ್ಲಿ ಅಜ್ಜಿ ಇಲ್ಲ. ಅದು ಫ್ರಿಜ್ಜು ಅಲ್ಲಾಡೋ ಸದ್ದು.”

ಅಮ್ಮ ತಿರುಗಿದಳು. ಬೈಯುತ್ತಾಳೆ ಅಂದುಕೊಂಡಳು ಕಡ್ಡಿ. ಅಮ್ಮ ಬೈಯಲಿಲ್ಲ. ಚೀಟಿ ಎತ್ತಿಕೊಂಡಳು. ಅವಳ ತುಟಿ ಅಲ್ಲಾಡಿತು. ಒಮ್ಮೆ ಓದಿದಳು, ಇನ್ನೊಮ್ಮೆ ಓದಿದಳು. ಆಮೇಲೆ ಒರಳಿನಲ್ಲಿದ್ದ ಪುಡಿಯನ್ನೆಲ್ಲ ಬೇಡವಾದ ಔಷಧಿ ಹಾಕುವ ಕೆಂಪು ಡಬ್ಬಕ್ಕೆ ಸುರಿದು, ಒರಳು ತೊಳೆಯಲು ಶುರುಮಾಡಿದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

“ನಾಲ್ಕು ಹಾಕ್ತೀಯಾ?” ಕಡ್ಡಿ ಕೇಳಿದಳು.

“ನೀನು ಹೇಳಿದೆ ಅಂತ ಹಾಕಲ್ಲ. ನನಗೂ ನಾಲ್ಕು ಬಂತು ಅಂತಾನೂ ಹಾಕಲ್ಲ,” ಅಂದಳು ಅಮ್ಮ. ಒದ್ದೆ ಕೈ ಒರೆಸಿಕೊಂಡು ಆಸ್ಪತ್ರೆಯ ಫಾರ್ಮಸಿಸ್ಟಿಗೆ ಫೋನು ಮಾಡಿದಳು.

“ಸರ್, ಒಂದು ಲೆಕ್ಕ ಮಾಡಿಕೊಡಿ.” ಚೀಟಿ ನೋಡಿ ಮಿಲಿ, ಮಿಲಿಗ್ರಾಂ ಎಲ್ಲ ನಿಧಾನವಾಗಿ ಹೇಳಿದಳು.

“ಬರಕೊಂಡೆ. ನಿಮಗೆಷ್ಟು ಬಂತು?” ಆ ಕಡೆಯಿಂದ ಏನೋ ಅಗಿಯುತ್ತಿದ್ದ ದನಿ ಕೇಳಿತು.

“ಅದನ್ನ ಹೇಳಲ್ಲ, ಸರ್. ನೀವು ಮಾಡಿ.”

“ಊಟಕ್ಕೆ ಕೂತಿದ್ದೀನಲ್ರೀ.”

“ಕಾಯ್ತೀನಿ.”

ಆ ಕಡೆ ತಟ್ಟೆ ಸರಿಸಿದ ಸದ್ದಾಯಿತು, ಪೆನ್ನು ಹುಡುಕಿದ ಸದ್ದಾಯಿತು. ಅಮ್ಮ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು.

“ನಾಲ್ಕು ಮಾತ್ರೆ,” ಅಂದಿತು ದನಿ. “ದಿನಾ ಫೋನ್ ಮಾಡ್ತೀರೇನು ಇನ್ಮೇಲೆ?”

“ಹೌದು, ಸರ್. ದಿನಾ ಮಾಡ್ತೀನಿ.”

ಬಾಟಲಿ ತಯಾರಾದಾಗ ಪೇಂಟರ್ ಕಾದು ಕಾದು ಸುಸ್ತಾಗಿದ್ದ. ಮಗು ನಿದ್ದೆ ಹೋಗಿತ್ತು.

“ತಡ ಆಯ್ತು,” ಅಂದಳು ಅಮ್ಮ. “ಮೊದಲು ಮಾಡಿದ್ದು ತಪ್ಪಾಗಿತ್ತು. ಚೆಲ್ಲಿ ಬೇರೆ ಮಾಡಿದ್ದೀನಿ. ಇದು ಸರಿ ಇದೆ.”

ಅವನು ಅಮ್ಮನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಬಾಟಲಿಯನ್ನು ಜೇಬಿನಲ್ಲಿಟ್ಟು, ಜೇಬಿನ ಮೇಲೆ ಅಂಗೈ ಇಟ್ಟುಕೊಂಡೇ ಮೆಟ್ಟಿಲಿಳಿದ.

ಅಂಗಡಿ ಖಾಲಿಯಾಗಿತ್ತು. ಅಮ್ಮ ಕೌಂಟರಿನ ಹಿಂದೆ ನೆಲದ ಮೇಲೆ ಕೂತಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಬೆನ್ನು ಕುಲುಕತೊಡಗಿತು.

ಅಜ್ಜಿ ತೀರಿಕೊಂಡ ದಿನ ಮನೆ ತುಂಬ ಜನ ಅತ್ತಿದ್ದರು. ಅಮ್ಮ ಮಾತ್ರ ಬಂದವರಿಗೆ ನೀರು ಕೊಡುತ್ತ, ಕುರ್ಚಿ ಹಾಕುತ್ತ ಓಡಾಡಿದ್ದಳು. ಗಟ್ಟಿಗಿತ್ತಿ ಅಂದಿದ್ದರು ಎಲ್ಲರೂ. ಗಟ್ಟಿಗಿತ್ತಿಯೂ ಅಲ್ಲ, ಏನೂ ಅಲ್ಲ. ಅಮ್ಮ ಅಜ್ಜಿಯನ್ನು ಇನ್ನೂ ಕಳಿಸಿಕೊಟ್ಟೇ ಇರಲಿಲ್ಲ. ಕಡ್ಡಿಗೆ ಅದು ಈಗ ತಿಳಿಯಿತು.

ಅವಳು ಹೋಗಿ ಅಮ್ಮನಿಗೆ ಒತ್ತಿಕೊಂಡು ಕೂತಳು.

ಕೌಂಟರಿನ ಮೇಲೆ ಯಾರೋ ನಾಣ್ಯ ಬಡಿದರು. “ಯಾರಿದ್ದೀರಿ? ಕೆಮ್ಮಿಗೆ ಏನಾದ್ರೂ ಕೊಡ್ತೀರಾ?”

ಕಡ್ಡಿ ಎದ್ದು ನಿಂತಳು. ಅವಳ ತಲೆಯಷ್ಟೇ ಕೌಂಟರಿನ ಮೇಲೆ ಕಾಣಿಸಿತು.

“ಸ್ವಲ್ಪ ನಿಂತ್ಕೊಳ್ಳಿ,” ಅಂದಳು. “ಅಮ್ಮನಿಗೆ ಕೆಲಸ ಇದೆ.”