ಎಡಗೈ ಚಾಕು

"ಮತ್ತ ಸೊಟ್ಟ ಬಂತು," ಎಂದು ಸಂಘಮಿತ್ರಾ ಚಾಕುವನ್ನು ಮಣೆಯ ಮೇಲಿಟ್ಟಳು.

ಸೌತೆಕಾಯಿಯ ಬಿಲ್ಲೆ ಒಂದು ಕಡೆ ಕಾಗದದಷ್ಟು ತೆಳ್ಳಗೆ, ಇನ್ನೊಂದು ಕಡೆ ಬೆರಳಿನಷ್ಟು ದಪ್ಪ. ತಟ್ಟೆಯ ತುಂಬ ಅಂಥವೇ ಬಿದ್ದಿದ್ದವು.

ಶನಿವಾರ ಶಾಲೆಯಲ್ಲಿ 'ಬೆಂಕಿ ಇಲ್ಲದ ಅಡುಗೆ' ಸ್ಪರ್ಧೆ. ಆರನೇ ತರಗತಿಯಿಂದ ಸಂಘಮಿತ್ರಾ ಮತ್ತು ಅವಳ ಗೆಳತಿ ಮದಿಹಾ ಒಂದು ಟೀಮ್. ನಡುವೆ ಕೋಸಂಬರಿ, ಸುತ್ತ ಸೌತೆಕಾಯಿ ಬಿಲ್ಲೆಗಳ ನವಿಲುಗರಿ. ಇದು ಅವರ ಪ್ಲಾನ್. ಆದರೆ ಪ್ರಾಕ್ಟೀಸಿನಲ್ಲಿ ಗರಿಯೆಲ್ಲ ಜಾರಿ ಬಿದ್ದವು. ಅದನ್ನು ನೋಡಿದ ಸಾವಿತ್ರಿಬಾಯಿ ಟೀಚರ್, "ಎಡಗೈ ಬಿಡು, ಬಲಗೈಲೆ ಹೆಚ್ಚೂದು ಕಲಿ. ಆಗಲಿಲ್ಲಂದ್ರ ಬ್ಯಾರೆಯವ್ರು ಹೆಚ್ಚಲಿ, ನೀ ಪ್ಲೇಟ್ ತೊಳಿ," ಎಂದಿದ್ದರು.

ಬಲಗೈಯಲ್ಲೂ ಹಿಡಿದು ನೋಡಿದ್ದಳು. ಆಗ ಚಾಕು ಬೇರೆ ಯಾರದೋ ಕೈಯಲ್ಲಿದ್ದ ಹಾಗೆ ಅನ್ನಿಸುತ್ತಿತ್ತು.

"ನನ್ನ ಚಾಕೂದಾಗ ಏನೂ ದೋಷ ಇಲ್ಲ," ಎಂದಳು ಆಯಿ, ಅಂದರೆ ಅಪ್ಪನ ತಾಯಿ ಕಸ್ತೂರಿಬಾಯಿ.

ಆಯಿಗೆ ಚಾಕುಗಳೆಂದರೆ ಜೀವ. ಮಷೀನಿನಲ್ಲಿ ಮಾಡಿದ್ದು ಆಕೆಗೆ ಸೇರದು. ಯಾವ ಊರಿಗೆ ಹೋದರೂ ಅಲ್ಲಿನ ಕಮ್ಮಾರನ ಮುಂದೆ ಕೂತು, ಇಷ್ಟುದ್ದ ಇರಲಿ, ಇಷ್ಟಗಲ ಇರಲಿ ಎಂದು ಹೇಳಿ ಮಾಡಿಸಿ ತರುವಳು. ಐವಾನ್-ಎ-ಶಾಹಿ ಬಡಾವಣೆಯ ಆ ಮನೆಯ ಪುಟ್ಟ ಅಡುಗೆಕೋಣೆಯ ಗೋಡೆಯ ಮೇಲೆ ಒಂಬತ್ತು ಚಾಕುಗಳು ಸಾಲಾಗಿ ತೂಗುತ್ತಿದ್ದವು. ಬೀದರಿನದು ಉಳ್ಳಾಗಡ್ಡಿಗೆ, ಸೊಲ್ಲಾಪುರದ್ದು ಕುಂಬಳಕಾಯಿಗೆ, ಕಮಲಾಪುರದ್ದು ಸೌತೆಕಾಯಿಗೆ.

ಸಂಘಮಿತ್ರಾ ಕಮಲಾಪುರದ ಚಾಕುವನ್ನು ತೊಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಎಡ ಮಗ್ಗಲು ನುಣ್ಣಗೆ, ನೇರವಾಗಿತ್ತು. ಬಲ ಮಗ್ಗಲು ಮಾತ್ರ ಅಂಚಿನ ಹತ್ತಿರ ಇಳಿಜಾರಾಗಿತ್ತು. ಬೀದರಿನದನ್ನು ನೋಡಿದಳು. ಅದೂ ಹಾಗೇ. ಒಂಬತ್ತನ್ನೂ ಇಳಿಸಿ ನೋಡಿದಳು.

"ಆಯಿ, ಇವೆಲ್ಲ ಒಂದೇ ಮಗ್ಗಲ ಮಸದಾರ. ಬಲಗೈಯವ್ರಿಗೆ ನೆಟ್ಟಗ ಹೋಗ್ತಾವ. ನಾ ಹಿಡಿದ್ರ ಒಳಗ ಸರೀತಾವ."

ಆಯಿ ಕನ್ನಡಕ ಹಾಕಿಕೊಂಡಳು. ಒಂದೊಂದೇ ಚಾಕುವನ್ನು ತಿರುವಿ ತಿರುವಿ ನೋಡಿದಳು.

"ಇಷ್ಟು ವರ್ಷ ನನ್ನ ಕಣ್ಣಿಗೇ ಬಿದ್ದಿಲ್ಲ ನೋಡು," ಎಂದಳು ಕೊನೆಗೆ. "ನಡಿ, ಚಪ್ಪಲ್ ಹಾಕ್ಕೋ."

ಮೊದಲು ಸೂಪರ್ ಮಾರ್ಕೆಟ್ ಎಂಬ ಪೇಟೆಗೆ ಹೋದರು. ಪಾತ್ರೆ ಅಂಗಡಿಯವನು ಎಡಗೈ ಚಾಕು ಅಂದ ಕೂಡಲೇ ನಕ್ಕುಬಿಟ್ಟ. "ಚಾಕೂಗೆ ಎಡ ಬಲ ಇರ್ತದೇನ್ರಿ?" ಎನ್ನುತ್ತ ಹೊಳೆಯುವ ಸ್ಟೀಲ್ ಚಾಕು ಕೊಟ್ಟ. ಸಂಘಮಿತ್ರಾ ಚೀಲದಿಂದ ಸೌತೆಕಾಯಿ ತೆಗೆದು, ಅವನ ಎದುರೇ ಹೆಚ್ಚಿ ನೋಡಿದಳು. ಅದು ಎರಡೂ ಮಗ್ಗಲು ಒಂದೇ ತರಹ ಇತ್ತು, ನಿಜ. ಆದರೆ ತಗಡಿನಂತೆ ಬಳುಕಿತು. ಬಿಲ್ಲೆ ಅರ್ಧಕ್ಕೇ ಹರಿಯಿತು.

ಆಯಿ ಅದನ್ನು ಹಾಗೇ ವಾಪಸ್ ಇಟ್ಟಳು. ಅಲ್ಲಿಂದ ನೇರ ಕಮಲಾಪುರದ ಬಸ್ಸು ಹತ್ತಿದರು.

ಊರಿನ ಅಂಚಿಗೆ ಲಾಲ್ ಅಹ್ಮದ್ ಅವರ ಕುಲುಮೆ. ಆಯಿಯ ಚಾಕುಗಳಲ್ಲಿ ಮೂರು ಅವರ ಕೈಯವೇ. ಆಯಿ ವಿಷಯ ಹೇಳಿದಾಗ ಅವರು ಗಡ್ಡ ಕೆರೆದುಕೊಂಡರು.

"ನಲವತ್ತು ಸಾಲ್ ಆತು ಬಾಯಿ ಈ ಕೆಲಸ ಮಾಡಾಕತ್ತು. ಎಡಗೈಗಂತ ಯಾರೂ ಕೇಳಿಲ್ಲ. ನಮ್ಮ ಅಬ್ಬಾ ಹ್ಯಾಂಗ ಕಲಿಸಿದ್ರೋ ಹಾಂಗ ಮಾಡ್ಕೋತ ಬಂದೀನಿ. ಹೋಗ್ಲಿ, ಬೇಟಿ ಬಲಗೈಲೆ ಕಲೀಲಿ."

ಆಯಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಸಂಘಮಿತ್ರಾಳೇ ಮುಂದೆ ಬಂದಳು.

"ಚಾಚಾ, ನೀವು ಒಂದ್ಸಲ ಎಡಗೈಲೆ ಹೆಚ್ಚಿ ನೋಡ್ರಿ."

ಅವರು ನಗುತ್ತಲೇ ತಾವೇ ಮಾಡಿದ ಚಾಕುವನ್ನು ಎಡಗೈಗೆ ತೆಗೆದುಕೊಂಡರು. ಬಿಲ್ಲೆ ಸೊಟ್ಟ ಬಂತು. ಇನ್ನೊಂದು ಹೆಚ್ಚಿದರು. ಅದೂ ಸೊಟ್ಟ. ಅವರ ನಗು ನಿಂತಿತು.

"ಬಾತ್ ತೋ ಸಹೀ ಅದ, ಹುಡುಗಿ ಹೇಳೂದು ಖರೇನ," ಎಂದು ಗೊಣಗಿ, ಇನ್ನೂ ಮಸೆಯದ ಒಂದು ಅಲಗನ್ನು ಗೂಡಿನಿಂದ ತೆಗೆದರು. "ಇದರ ಎಡ ಮಗ್ಗಲ ಮಸೀತೇನಿ. ಆದರ ಹಿಡಿಕಿ? ನಿನ್ನ ಬೆರಳು ಎಲ್ಲಿ ಕೂಡ್ತಾವ, ನನಗ ಹ್ಯಾಂಗ ತಿಳೀಬೇಕು?"

ಸಂಘಮಿತ್ರಾ ಸುತ್ತ ನೋಡಿದಳು. ಕಾದ ಕಬ್ಬಿಣ ಅದ್ದುವ ನೀರಿನ ತೊಟ್ಟಿಯ ಪಕ್ಕ ಮಣ್ಣು ಹಸಿಯಾಗಿತ್ತು. ಒಂದು ಮುಷ್ಟಿ ತೆಗೆದು ಕಡ್ಡಿಗೆ ಮೆತ್ತಿ, ಚಾಕು ಹಿಡಿಯುವ ಹಾಗೆ ಎಡಗೈಯಲ್ಲಿ ಒತ್ತಿ ಹಿಡಿದಳು. ಕೈ ಬಿಟ್ಟಾಗ ಮಣ್ಣಿನಲ್ಲಿ ಅವಳ ಐದೂ ಬೆರಳಿನ ಗುರುತು ಮೂಡಿತ್ತು.

"ಹಿಂಗ ಕೂಡ್ತಾವ ನೋಡ್ರಿ."

ಲಾಲ್ ಅಹ್ಮದ್ ಆ ಮಣ್ಣನ್ನು ಗಾಜಿನ ಸಾಮಾನಿನಂತೆ ಎತ್ತಿ ಕಟ್ಟೆಯ ಮೇಲಿಟ್ಟರು. ಅದನ್ನು ನೋಡಿ ನೋಡಿ ಜಾಲಿ ಕಟ್ಟಿಗೆಯನ್ನು ಕೆತ್ತಿದರು. ಸಾಣೆ ತಿರುಗಿತು, ಕಿಡಿ ಹಾರಿದವು. ಮಧ್ಯಾಹ್ನ ಕಳೆದು ಬಿಸಿಲು ವಾಲಿದಾಗ ಚಾಕು ಅವಳ ಕೈಗೆ ಬಂತು.

ಮೊದಲ ಬಿಲ್ಲೆ ಸ್ವಲ್ಪ ಸರಿಯಿತು.

"ಚಾಚಾ, ಇನ್ನೂ ಒಂಚೂರು ಮಸೀಬೇಕ್ರಿ. ತುದಿ ಹತ್ರ."

ಆಯಿ ಅವಳ ತೋಳು ಜಗ್ಗಿದಳು. ಅಷ್ಟು ದೊಡ್ಡ ಕೆಲಸಗಾರನಿಗೆ ಹುಡುಗಿ ತಪ್ಪು ತೋರಿಸುತ್ತಿದ್ದಾಳಲ್ಲ. ಆದರೆ ಲಾಲ್ ಅಹ್ಮದ್ ಅಲಗಿನ ಮೇಲೆ ಬೆರಳಾಡಿಸಿ, ತಲೆಯಾಡಿಸಿ, ಮತ್ತೆ ಸಾಣೆಯ ಮುಂದೆ ಕೂತರು.

ಎರಡನೇ ಸಲ ಸಂಘಮಿತ್ರಾ ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. ಅದರಾಚೆ ಆಯಿಯ ಮುಖ ಹಸಿರಾಗಿ ಕಾಣಿಸಿತು.

ಶನಿವಾರ ಶಾಲೆಯ ಹಾಲ್ ತುಂಬಿತ್ತು. ಸಂಘಮಿತ್ರಾ ಹೆಚ್ಚುತ್ತ ಹೋದಳು, ಮದಿಹಾ ಜೋಡಿಸುತ್ತ ಹೋದಳು. ಸಾವಿತ್ರಿಬಾಯಿ ಟೀಚರ್ ಬಂದು ಹಿಂದೆ ನಿಂತರು. ಎಡಗೈಯನ್ನು ನೋಡಿದರು, ತಟ್ಟೆಯನ್ನು ನೋಡಿದರು. ಒಂದು ಬಿಲ್ಲೆ ಎತ್ತಿ ಬಾಯಿಗೆ ಹಾಕಿಕೊಂಡು, "ಪ್ಲೇಟ್ ಬ್ಯಾರೆಯವ್ರು ತೊಳೀಲಿ," ಎಂದು ಮುಂದೆ ಹೋದರು. ಮದಿಹಾ ನಗು ತಡೆಯಲಾರದೆ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ನವಿಲಿನ ಒಂದು ಗರಿಯೂ ಜಾರಲಿಲ್ಲ.

ಮೈಕಿನಲ್ಲಿ ಮೊದಲ ಬಹುಮಾನಕ್ಕೆ ಅವರ ಹೆಸರು ಕೇಳಿದಾಗ ಆರನೇ ತರಗತಿಯವರು ಬೆಂಚು ಬಡಿದ ಸದ್ದಿಗೆ ಕಿಟಕಿಯ ಮೇಲೆ ಕೂತಿದ್ದ ಪಾರಿವಾಳಗಳು ಹಾರಿಹೋದವು.

ಎಲ್ಲರೂ ಹೊರಟ ಮೇಲೆ ಭೀಮಬಾಯಿ ಒಳಗೆ ಬಂದರು. ಅವರು ಶಾಲೆಯಲ್ಲಿ ಬಿಸಿಯೂಟ ಮಾಡುವವರು.

"ಆ ಚಾಕು ಒಂದೀಟು ಕೊಡ್ತಿಯೇನವ್ವ, ನೋಡ್ತೀನಿ," ಎಂದು ಕೈ ಚಾಚಿದರು.

ಚಾಚಿದ್ದು ಎಡಗೈ.

ಅವರು ಬುಟ್ಟಿಯಲ್ಲಿ ಉಳಿದಿದ್ದ ಸೌತೆಕಾಯಿಗಳಲ್ಲಿ ಒಂದನ್ನು ತೆಗೆದುಕೊಂಡು ಹೆಚ್ಚಿದರು. ಬಿಲ್ಲೆ ನೆಟ್ಟಗೆ ಬಿತ್ತು. ಒಂದು ಗಳಿಗೆ ಅದನ್ನೇ ನೋಡಿ ಇನ್ನೊಂದು ಹೆಚ್ಚಿದರು. ಆಮೇಲೆ ಅವರ ಕೈ ನಿಲ್ಲಲೇ ಇಲ್ಲ. ಟಕ ಟಕ ಟಕ ಎಂದು ಬಿಲ್ಲೆಗಳು ಬೀಳುತ್ತಿದ್ದವು.

ಒಂದನೇ ತರಗತಿಯಿಂದ ಸಂಘಮಿತ್ರಾ ಅವರ ಕೈಯಡುಗೆ ಉಂಡಿದ್ದಳು. ಆ ಕೈ ಯಾವುದೆಂದು ಒಮ್ಮೆಯೂ ನೋಡಿರಲಿಲ್ಲ.

"ಮನಿಗೆ ಹೋಗೂಣ ಬಾ," ಎಂದು ಬಾಗಿಲಲ್ಲಿ ಆಯಿ ಕರೆದಳು.

"ಒಂದೀಟು ತಡಿ ಆಯಿ," ಎಂದಳು ಸಂಘಮಿತ್ರಾ. ಸೌತೆಕಾಯಿಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, ಒಂದೊಂದನ್ನೇ ಭೀಮಬಾಯಿಯ ಬಲಗೈಗೆ ಕೊಡತೊಡಗಿದಳು.