ನಾಲ್ಕನೇ ಜ್ವರ

ಕೆಂಪರಾಜು ನಮ್ಮ ಹುಳುಮನೆ ಬಾಗಿಲಿಗೆ ಓಡಿಬಂದಾಗ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಎರಡು ಎಳನೀರು. ಮುಖ ಬಾಡಿಹೋಗಿತ್ತು.

"ಎದ್ದು ಓಡಾಡ್ತಾ ಇದೀರಲ್ಲ! ನಾಲ್ಕನೇ ಜ್ವರ ಅಂತ ಬರ್ದಿದ್ರಿ? ಮೂರನೇದು ಬಂದಾಗ್ಲೇ ನೋಡೋಕೆ ಬರೋಣ ಅಂತಿದ್ದೆ, ರಜಾ ಸಿಗ್ಲಿಲ್ಲ."

ಅಯ್ಯೋ ನನ್ನ ಕರ್ಮವೇ! ಹೊಟ್ಟೆ ಹಿಡಿದುಕೊಂಡು ನಕ್ಕೆ. "ಜ್ವರ ನಂಗಲ್ಲ ಸಾರ್, ಹುಳಕ್ಕೆ!"

ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಅದಕ್ಕೆ ಮುಂಚೆ ಸೊಪ್ಪು ಮುಟ್ಟದೆ, ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಕಬ್ಬಾಳಿನ ಕಡೆ ನಾವು ಅದಕ್ಕೆ ಜ್ವರ ಅನ್ನುತ್ತೇವೆ. ಆಗ ಹುಳುಮನೆ ಒಣಗಿರಬೇಕು. ಗೋಡೆಯ ಮೇಲಿನ ಡಬ್ಬಿ ಶಾಖ, ತೇವ ಎರಡನ್ನೂ ಅಳೆದು, ತುಂತುರು ಬಿಡುವ ಮಿಷನ್ನನ್ನು ತಾನೇ ಆನ್ ಆಫ್ ಮಾಡುತ್ತದೆ. ಹುಳದ ವಯಸ್ಸು ನೋಡಿ ಅದರ ಸೆಟ್ಟಿಂಗ್ ಬದಲಾಯಿಸುವುದು ಡಬ್ಬಿ ಕಂಪನಿಯ ಕೆಂಪರಾಜುವಿನ ಕೆಲಸ. ಕಂಪನಿಯ ಆ್ಯಪ್‌ನಲ್ಲಿ ನಾನು 'ನಾಲ್ಕನೇ ಜ್ವರ' ಎಂದು ಬರೆದದ್ದು ಅದಕ್ಕೇ. ಕುದೂರಿನ ಈ ಮಹಾಶಯ ಹಿಂದಿನ ತಿಂಗಳವರೆಗೂ ಹಾಲಿನ ಡೇರಿಯ ಕೂಲರ್‌ಗಳನ್ನು ನೋಡಿಕೊಂಡಿದ್ದವನು. ಅವನಿಗೇನು ಗೊತ್ತು?

ಅವನ ಕಿವಿ ಕೆಂಪಾಯಿತು. "ಬ್ರೆಡ್ ವಾಪಸ್ ತಗೊಂಡೋಗ್ಲಾ?"

"ಮಡಗೋಗಿ. ಹುಳ ತಿನ್ನಲ್ಲ, ನಾನು ತಿಂತೀನಿ."

ಆಮೇಲೆ ಏಳು ಬೆಳೆ ಹುಳು ಸಾಕಿದ್ದಾಯಿತು. ಹತ್ತು ನಿಮಿಷದ ಕೆಲಸಕ್ಕೆ ಅವನು ಒಂದು ಗಂಟೆ ತೆಗೆದುಕೊಳ್ಳುತ್ತಿದ್ದ. ಏಣಿಯ ಮೇಲಿಂದ ನನ್ನನ್ನೇ ನೋಡುವನು. ನಾನು ತಲೆಯೆತ್ತಿದರೆ ಇಲ್ಲದ ಸ್ಕ್ರೂ ಹುಡುಕುವನು. ಅವನು ಬರುವುದು ಒಂದು ದಿನ ತಡವಾದರೂ ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒಂದು ಸಲ ತಡೆಯಲಾರದೆ, ಅವನು ಓಡಿಬರಲಿ ಎಂದು ಡಬ್ಬಿಗೆ ಒದ್ದೆ ಬಟ್ಟೆ ಹೊದಿಸಿ ಅಲಾರಂ ಹೊಡೆಸಿದ್ದೂ ಉಂಟು.

"ಏನಮ್ಮಿ, ನಿಂಗೂ ಜ್ವರ ಬಂದೈತಾ?" ಅಂದಳು ನನ್ನವ್ವ ಅಂಬುಜಮ್ಮ. "ಉಣ್ಣದೆ ತಿನ್ನದೆ ತಲೆಯೆತ್ಕೊಂಡು ರಸ್ತೆ ನೋಡ್ತಾ ಕುಂತಿದೀಯ."

ಹೋದ ಸೋಮವಾರ ಬಂದವನು ನಗಲೇ ಇಲ್ಲ.

"ಈ ಡಬ್ಬಿ ಆಯಸ್ಸು ಮುಗೀತು. ಇನ್ಮೇಲೆ ಇದಕ್ಕೆ ಅಪ್‌ಡೇಟ್ ಬರಲ್ಲ. ಹೊಸದು ಹಾಕ್ತೀನಿ. ಅದರ ಸೆಟ್ಟಿಂಗ್ ಎಲ್ಲಾ ಆಫೀಸಿಂದ್ಲೇ ಬದಲಾಯಿಸ್ತಾರೆ."

"ಮತ್ತೆ ನೀವು?"

"ನಾನು ಬರೋ ಕೆಲ್ಸ ಇರಲ್ಲ."

ಅಷ್ಟೇ! ಏಳು ಬೆಳೆ ನೋಡಿದ್ದಕ್ಕೆ ಇಷ್ಟೇ ಮಾತು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅವನು ಹಳೆಯ ಡಬ್ಬಿ ಬಿಚ್ಚಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದ.

"ಇದರಲ್ಲಿರೋದನ್ನೆಲ್ಲ ಅಳಿಸ್ಬೇಕು."

"ಅಳಿಸಿ. ಅಳಿಸೋದು ನಿಮ್ಗೇನು ಕಷ್ಟ?"

ಅವನ ಬೆರಳು ನಿಂತಿತು. ಆಮೇಲೆ ಗುಂಡಿ ಒತ್ತಿದ. ಹೊಸ ಡಬ್ಬಿ ಗೋಡೆಗೇರಿತು. ಮೊಬೈಲಿನಲ್ಲಿ ನನ್ನ ಹೆಸರು, ಊರು ತುಂಬಿಸಿದ.

"ಅಲಾರಂ ಆದ್ರೆ ಮೊದಲು ನಿಮ್ಗೆ ಫೋನ್ ಬತ್ತದೆ. ನೀವು ಎತ್ತದಿದ್ರೆ ಎರಡನೇ ನಂಬರ್‌ಗೆ ಹೋಯ್ತದೆ. ಯಾರ್ದು ಹಾಕ್ಲಿ?"

"ನಿಮ್ದು."

"ಆಗಲ್ಲ. ಮನೆಯವರದ್ದೇ ಆಗ್ಬೇಕು ಅಂತ ಐತೆ."

ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ.

"ಅದಕ್ಕೇ ಹೇಳ್ತಿರೋದು. ನಿಮ್ದೇ ಹಾಕಿ."

ಅವನು ಫೋನ್ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋನ್ ನೋಡಿದ. ನಮ್ಮ ಹೆಂಗಸರು 'ಮನೆಯವರು' ಅನ್ನುವುದು ಯಾರನ್ನು ಎಂದು ಅವನಿಗೆ ಹೊಳೆಯುವಷ್ಟರಲ್ಲಿ ನನಗೆ ಬೆವರು ಕಿತ್ತುಬಂದಿತ್ತು.

"ಪ್ರತಿಮಾ… ಈ ಸಲಾನೂ ತಪ್ಪು ತಿಳ್ಕೊಂಡ್ನಾ?"

"ಬ್ರೆಡ್ ತಂದಿಲ್ವಲ್ಲ. ಸರಿಯಾಗೇ ತಿಳ್ಕೊಂಡಿದೀರ."

ತನ್ನದೇ ನಂಬರನ್ನು ಒತ್ತಲು ಅವನು ಮೂರು ಸಲ ತಪ್ಪಿದ. "ಪ್ರತಿ ಸಲಾನೂ ಹೇಳ್ಬೇಕು ಅಂತ್ಲೇ ಬತ್ತಿದ್ದೆ," ಅಂದ. "ಬಾಯೇ ಬತ್ತಿರ್ಲಿಲ್ಲ."

ಪರೀಕ್ಷೆಗೆಂದು ಹೊಸ ಡಬ್ಬಿಯಿಂದ ಕರೆ ಬಂತು. ನಾನು ಬೇಕೆಂದೇ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು.

"ಯಾರ್ಗಮ್ಮಿ ಫೋನು?" ಹೊರಗಿನಿಂದ ಅವ್ವ ಕೂಗಿದಳು.

"ನಂಗಲ್ಲ ಕಣವ್ವ," ಅಂದೆ. "ನಮ್ಮನೆಯವರಿಗೆ."